ಹಡಗು ಹತ್ತದ ಬೇರು

ಹೈದರಾಬಾದಿನ ಹಿಮಾಯತ್‌ನಗರದಲ್ಲಿ ಒಂದು ಮದುವೆಯ ಹಂಗಾಮು ಕಳೆದವರಿಗೆ ಮರ್ಫಾದ ಪರಿಚಯ ಬೇರೆ ಮಾಡಿಕೊಡಬೇಕಾಗಿಲ್ಲ. ಬರಾತು ಫಂಕ್ಷನ್ ಹಾಲಿನ ಬಾಗಿಲಿಗೆ ಬರುವ ಮೊದಲೇ ಅದರ ಬಡಿತ ಮೂರನೆಯ ಮಹಡಿಯ ಕಿಟಕಿಯೊಳಗೆ ಬಂದಿರುತ್ತದೆ. ಏನದು ಎಂದು ಕೇಳಿದರೆ ಅರಬ್ಬರ ವಾದ್ಯ ಎನ್ನುತ್ತಾರೆ. ಅರ್ಧ ಸತ್ಯ. ಯೆಮನ್ನಿನ ಹದ್ರಮೌತ್‌ನಿಂದ ನಿಜಾಮರ ಚಾಕರಿಗೆ ಬಂದ ಅರಬ್ಬರ ಜೊತೆಜೊತೆಗೆ ಈ ಬಡಿತವನ್ನು ನಗರದಲ್ಲಿ ಬೆಳೆಸಿದ ಇನ್ನೊಂದು ಜನ ಇಲ್ಲಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ, ಲಕ್ಡೀಕಾಪುಲ್ ಆಚೆಯ ಎ.ಸಿ. ಗಾರ್ಡ್ಸ್ ಬಡಾವಣೆಯಲ್ಲಿದ್ದಾರೆ. ಎ.ಸಿ. ಅಂದರೆ ಆಫ್ರಿಕನ್ ಕ್ಯಾವಲ್ರಿ. ವನಪರ್ತಿ ಸಂಸ್ಥಾನದ ರಾಜರು ಕಟ್ಟಿದ್ದ ಆಫ್ರಿಕನ್ನರ ಪಡೆ ಹತ್ತೊಂಬತ್ತನೆಯ ಶತಮಾನದಲ್ಲಿ ನಿಜಾಮರ ಕೈಸೇರಿತು, ಅವರ ಅಶ್ವದಳವಾಯಿತು. 1948ರಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ದಳ ಹೋಯಿತು, ಬಡಾವಣೆಗೆ ಹೆಸರು ಉಳಿಯಿತು.

ಸಿದ್ದಿಗಳೆಂದು ಕರೆಯುವ ಈ ಆಫ್ರಿಕ ಮೂಲದವರ ಬಗ್ಗೆ ಬರೆಯುವವರೆಲ್ಲ ಕುದುರೆ, ಕತ್ತಿ, ಕುಣಿತಗಳಲ್ಲೇ ನಿಂತುಬಿಡುತ್ತಾರೆ. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಮಧ್ಯ ಮತ್ತು ದಕ್ಷಿಣ ಆಫ್ರಿಕದಲ್ಲಿ ಡೋಲು ಬರೀ ಮದುವೆ ಮನೆಯ ಸಾಮಾನಲ್ಲ, ವೈದ್ಯರ ಸಾಮಾನೂ ಹೌದು. ಡೋಲು ಇಲ್ಲಿಯವರೆಗೆ ಬಂತು, ಸರಿ. ವೈದ್ಯ ಬಂದನೆ? ಬಂದಿದ್ದರೆ ಎಲ್ಲಿ ಹೋದ?

ಆಫ್ರಿಕದ ನಾಟಿ ವೈದ್ಯ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಫ್ಯಾಂಟಮ್ ಕಾಮಿಕ್ಸ್ ಕೊಟ್ಟ ಚಿತ್ರ: ಮುಖಕ್ಕೆ ಸುಣ್ಣ, ಕೊರಳಿಗೆ ಮೂಳೆಸರ, ಕೈಯಲ್ಲಿ ಮಾಟದ ಗೊಂಬೆ. ಆ ಚಿತ್ರವನ್ನು ಒಂದಿಷ್ಟು ಹೊತ್ತು ಬದಿಗಿಡೋಣ. ದಕ್ಷಿಣ ಆಫ್ರಿಕದ ಜುಲು ಜನರಲ್ಲಿ ಗಿಡಮೂಲಿಕೆ ಕೊಡುವವನು ಇನ್ಯಾಂಗಾ. ಕಾಯಿಲೆಗೆ ಕಾರಣ ಹುಡುಕುವವರು ಸಂಗೋಮಾ, ಅವರಲ್ಲಿ ಹೆಂಗಸರೇ ಹೆಚ್ಚು. ಒಬ್ಬರೇ ಎರಡೂ ಆಗಿರುವುದುಂಟು. ಸಂಗೋಮಾ ಆಗಬೇಕೆಂದು ಯಾರೂ ಅರ್ಜಿ ಹಾಕುವುದಿಲ್ಲ. ಮೊದಲು ವಾಸಿಯಾಗದ ಕಾಯಿಲೆ ಬೀಳಬೇಕು, ಕನಸಿನಲ್ಲಿ ಪೂರ್ವಿಕರು ಕರೆಯಬೇಕು, ಆಮೇಲೆ ಗುರುವಿನ ಮನೆಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಇದ್ದು ಗಿಡ, ಡೋಲು, ಕುಣಿತ, ಮೂಳೆಯ ದಾಳ ಓದುವುದನ್ನು ಕಲಿಯಬೇಕು. ಕಾಯಿಲೆ ಬಿದ್ದವನೇ ವೈದ್ಯನಾಗುವ ಈ ಲೆಕ್ಕ ನಮಗೆ ಹೊಸದಲ್ಲ. ಮೈಮೇಲೆ ದೇವರು ಬರುವ ನಮ್ಮ ಊರುಗಳ ಅಜ್ಜಿಯರ ಕಥೆ ಕೇಳಿ ನೋಡಿ, ಅದೂ ಹೀಗೇ ಯಾವುದೋ ಜ್ವರದಿಂದ, ಯಾವುದೋ ಸಾವಿನಿಂದ ಶುರುವಾಗಿರುತ್ತದೆ.

ಸಂಗೋಮಾ ಬಳಿಗೆ ಹೋದವನಿಗೆ ಸಿಗುವುದು ಎರಡು ಪ್ರಶ್ನೆಗೆ ಉತ್ತರ. ಏನಾಗಿದೆ ಎಂಬುದು ಒಂದು. ನನಗೇ ಯಾಕೆ, ಈಗಲೇ ಯಾಕೆ ಎಂಬುದು ಇನ್ನೊಂದು. ಆಸ್ಪತ್ರೆಯ ಚೀಟಿಯಲ್ಲಿ ಮೊದಲನೆಯದಕ್ಕಷ್ಟೇ ಜಾಗ. ಎರಡನೆಯದಕ್ಕೆ ಉತ್ತರ ಹುಡುಕಲು ಮನೆಯ ಜಗಳ, ಜಮೀನಿನ ಹೂತುಹೋದ ತಕರಾರು, ತಿಥಿ ಮಾಡದೆ ಬಿಟ್ಟ ಅಜ್ಜ, ಎಲ್ಲವನ್ನೂ ಎಳೆದು ಹೊರಗೆ ಹಾಕಬೇಕು. ಊರವರೆಲ್ಲ ಸೇರಿ ಡೋಲು ಬಡಿಯುವ, ಹಾಡುವ, ರೋಗಿಯನ್ನು ನಡುವೆ ಕೂರಿಸುವ ಚಿಕಿತ್ಸೆ ಹುಟ್ಟಿಕೊಂಡದ್ದು ಅದಕ್ಕೇ. ಇಂಥ ಕೂಟಗಳು ಕಾಂಗೋದಿಂದ ಕೇಪ್‌ವರೆಗೆ ಹೇಗೆ ಹರಡಿಕೊಂಡಿವೆ ಎಂಬುದನ್ನು ಅಮೆರಿಕದ ಮಾನವಶಾಸ್ತ್ರಜ್ಞ ಜಾನ್ ಜಾನ್ಸೆನ್ 1992ರ ಒಂದು ಪುಸ್ತಕದಲ್ಲಿ ವಿವರಿಸಿದ್ದಾರೆ. ಪುಸ್ತಕದ ಹೆಸರೇ ‘ಎಂಗೋಮಾ’. ಬಂಟು ಭಾಷೆಗಳಲ್ಲಿ ಡೋಲಿಗೂ ಡೋಲಿನ ಚಿಕಿತ್ಸೆಗೂ ಇದೇ ಹೆಸರು. ಗುಜರಾತಿನ ಸಿದ್ದಿಗಳು ತಮ್ಮ ಡೋಲು ಕುಣಿತವನ್ನು ಇವತ್ತಿಗೂ ಗೋಮಾ ಎನ್ನುತ್ತಾರೆ.

ಆ ಗುಜರಾತಿನಲ್ಲೇ ನನ್ನ ಪ್ರಶ್ನೆಗೆ ಮೊದಲ ಉತ್ತರ ಸಿಗುವುದು. ಭರೂಚ್ ಜಿಲ್ಲೆಯ ರತನಪುರದ ಗುಡ್ಡದ ಮೇಲೆ ಬಾವಾ ಗೋರ್ ದರ್ಗಾ ಇದೆ. ಬಾವಾ ಗೋರ್ ಅಬಿಸೀನಿಯಾದಿಂದ ಬಂದ ಸಂತ, ಅಕೀಕ್ ಕಲ್ಲಿನ ಕಸುಬು ಬೆಳೆಸಿದವ ಎಂದು ಸಿದ್ದಿಗಳ ನಂಬಿಕೆ. ಸೋದರ ಬಾವಾ ಹಬಶ್, ಸೋದರಿ ಮಾಯಿ ಮಿಸ್ರಾ ಅಲ್ಲೇ ಇದ್ದಾರೆ. ಮಕ್ಕಳಾಗದ ಹೆಂಗಸರು ಮಾಯಿ ಮಿಸ್ರಾಗೆ ಹರಕೆ ಹೊರುತ್ತಾರೆ. ದೆವ್ವ ಹಿಡಿಯಿತೆಂದು ಕರೆತಂದವರು ಬಾವಾ ಗೋರ್ ಮುಂದೆ ಕೂರುತ್ತಾರೆ. ಮುಗರ್ಮಾನ್ ಎಂಬ ಉದ್ದನೆಯ ಡೋಲು, ಮಲುಂಗಾ ಎಂಬ ಬಿಲ್ಲಿನ ವಾದ್ಯ ಅಲ್ಲಿಯವು. ಜರ್ಮನಿಯ ಮಾನವಶಾಸ್ತ್ರಜ್ಞೆ ಹೆಲೆನ್ ಬಸು ಈ ದರ್ಗಾದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಗಡಿಯಾಚೆ ಕರಾಚಿಯ ಮಂಘೋಪೀರ್‌ನಲ್ಲಿ ಬಿಸಿನೀರಿನ ಬುಗ್ಗೆ, ಮೊಸಳೆಗಳ ಕೊಳ, ಶೀದಿಗಳೆಂದು ಕರೆಯುವ ಅಲ್ಲಿಯ ಸಿದ್ದಿಗಳ ಜಾತ್ರೆ. ಚರ್ಮರೋಗ ವಾಸಿಯಾಗಲೆಂದು ಅಲ್ಲಿಗೂ ಜನ ಹೋಗುತ್ತಾರೆ. (ಹೈದರಾಬಾದಿನ ಸಿದ್ದಿಗಳ ಬಗ್ಗೆ ಹುಡುಕುವವರಿಗೆ ಒಂದು ಎಚ್ಚರಿಕೆ: ಸಿಂಧ್‌ನಲ್ಲೂ ಒಂದು ಹೈದರಾಬಾದ್ ಇದೆ, ಅಲ್ಲೂ ಶೀದಿಗಳಿದ್ದಾರೆ. ಎರಡೂ ಊರಿನ ಮಾಹಿತಿ ಕಲಸಿಹೋಗುವುದು ಮಾಮೂಲು.)

ಇನ್ನು ನಮ್ಮ ಉತ್ತರ ಕನ್ನಡ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಅಂಕೋಲಾ, ಶಿರಸಿಯ ಕಾಡಂಚಿನ ಸಿದ್ದಿಗಳ ಪೂರ್ವಿಕರಲ್ಲಿ ಹೆಚ್ಚಿನವರು ಪೋರ್ಚುಗೀಸರ ಗೋವಾದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟ ಸೇರಿದವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮನೆಗಳು ಅವರಲ್ಲಿವೆ. ಕೇಂದ್ರ ಸರ್ಕಾರ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಧರ್ಮ ಯಾವುದೇ ಇರಲಿ, ಹಿರಿಯರ ಪೂಜೆ ಅವರಲ್ಲಿ ಬಲವಾಗಿ ಉಳಿದಿದೆ. ಮನೆಯಲ್ಲಿ ಕಾಯಿಲೆ ಬಿಡದಿದ್ದರೆ ಹಿರಿಯರಿಗೆ ಏನೋ ಕೊರತೆಯಾಗಿದೆ ಎಂದು ಹುಡುಕುವುದು, ನೋಟ ನೋಡಿಸುವುದು, ತೆಂಗಿನಕಾಯಿ ಇಟ್ಟು ನಡೆದುಕೊಳ್ಳುವುದು, ಹಬ್ಬಕ್ಕೆ ಡಮಾಮಿ ಬಡಿದು ಕುಣಿಯುವುದು. ಘಟ್ಟದ ಬೇರೆ ಜನರಲ್ಲೂ ಹಿರಿಯರಿದ್ದಾರೆ, ನೋಟವಿದೆ ಎನ್ನಬಹುದು. ನಿಜ. ಸಿದ್ದಿಗಳ ಪದ್ಧತಿ ಇಲ್ಲಿ ಬೇರೂರಿದ್ದು ಅದಕ್ಕೇ ಇರಬೇಕು. ಅವರ ಪ್ರಶ್ನೆಗಳು ಇಲ್ಲಿಯವರಿಗೂ ಅರ್ಥವಾಗುತ್ತಿದ್ದವು.

ಔಷಧಿಯ ಮಾತು ಬೇರೆ. 1995ರಲ್ಲಿ ಎಂ.ಜೆ. ಭಂಡಾರಿ, ಕೆ.ಆರ್. ಚಂದ್ರಶೇಖರ್, ಕೆ.ಎಂ. ಕಾವೇರಿಯಪ್ಪ ಎಂಬ ಸಸ್ಯವಿಜ್ಞಾನಿಗಳು ಉತ್ತರ ಕನ್ನಡದ ಸಿದ್ದಿಗಳ ಗಾಂವಟಿ ಔಷಧಿಗಳನ್ನು ಪಟ್ಟಿ ಮಾಡಿ ಪ್ರಕಟಿಸಿದರು. 40 ಸಸ್ಯ ಕುಟುಂಬಗಳ 69 ಗಿಡ, ಅವುಗಳಿಂದ 98 ಬಗೆಯ ಮದ್ದು. ಅದು ಪಶ್ಚಿಮ ಘಟ್ಟದ ಪಟ್ಟಿ, ಮೊಜಾಂಬಿಕ್‌ನದಲ್ಲ. ಹಡಗಿನ ತಳದಲ್ಲಿ ಸರಪಳಿ ಬಿಗಿದುಕೊಂಡು ಬಂದವರು ಬೇರಿನ ಗಂಟು ಕಟ್ಟಿಕೊಂಡು ಬರಲಿಲ್ಲ. ಬಂದದ್ದು ತಲೆಯಲ್ಲಿದ್ದದ್ದು, ಮೈಯಲ್ಲಿದ್ದದ್ದು: ತಾಳ, ಹಿರಿಯರ ನೆನಪು, ಕಾಯಿಲೆಯನ್ನು ಹೇಗೆ ಕೇಳಬೇಕೆಂಬ ಕ್ರಮ. ಗಿಡವನ್ನು ಹೊಸ ಕಾಡಿನಲ್ಲಿ ಹೊಸದಾಗಿ ಕಲಿತರು, ಹಾಲಕ್ಕಿಗಳನ್ನು, ಕುಣಬಿಗಳನ್ನು, ಗೌಳಿಗಳನ್ನು ನೋಡಿ, ತಾವೂ ತಿಂದು, ಅರೆದು, ಹಚ್ಚಿ. ಅಪರಿಚಿತ ಕಾಡಿಗೆ ಬಂದ ಜನ ಕೆಲವೇ ತಲೆಮಾರುಗಳಲ್ಲಿ ಇಷ್ಟು ಗಿಡದ ಗುಣ ಹಿಡಿದರಲ್ಲ, ಆಫ್ರಿಕದ ವೈದ್ಯಪರಂಪರೆಯ ನಿಜವಾದ ಸಾಕ್ಷಿ ಅದು ಎಂದು ನನ್ನ ತೀರ್ಮಾನ.

ಬ್ರೆಜಿಲಿನಲ್ಲೂ ಹೀಗೇ ಆಯಿತು. ನೈಜೀರಿಯಾದ ಯೊರುಬಾ ಜನರ ದೇವತೆಗಳು ಅಟ್ಲಾಂಟಿಕ್ ದಾಟಿ ಕಂಡೊಂಬ್ಲೆ ಪಂಥವಾದರು. ಅವರ ಎಲೆಗಳು ಬಹುಪಾಲು ಆಚೆಯೇ ಉಳಿದವು, ಬದಲಿಗೆ ಅಮೆರಿಕದ ಕಳೆಗಿಡಗಳು ಬಂದವು. ರಾಬರ್ಟ್ ವೋಕ್ಸ್ 1997ರಲ್ಲಿ ಇದರ ಮೇಲೆ ಒಂದು ಇಡೀ ಪುಸ್ತಕ ಬರೆದರು. ಮೈಯಲ್ಲೇ ಹೊತ್ತು ತಂದ ವಿದ್ಯೆಗೆ ಬಾಸ್ಟನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಒನೆಸಿಮಸ್ ಎಂಬ ಗುಲಾಮ ತನ್ನ ಒಡೆಯ, ಪಾದ್ರಿ ಕಾಟನ್ ಮೇದರ್‌ಗೆ ತೋಳಿನ ಮೇಲಿನ ಕಲೆ ತೋರಿಸಿದ್ದ: ತನ್ನ ನಾಡಿನಲ್ಲಿ ಸಿಡುಬಿನ ಕೀವನ್ನು ಚರ್ಮ ಗೀರಿ ಸೇರಿಸುತ್ತಾರೆ, ಆಮೇಲೆ ಸಿಡುಬು ಬರುವುದಿಲ್ಲ. 1721ರಲ್ಲಿ ಊರಿಗೆ ಸಿಡುಬು ಬಂದಾಗ ಮೇದರ್ ಮಾತು ಕೇಳಿದ ವೈದ್ಯ ಬಾಯ್ಲ್‌ಸ್ಟನ್ ಸುಮಾರು 240 ಜನರಿಗೆ ಹಾಗೆ ಮಾಡಿದ. ಸತ್ತವರು 6. ತಾನಾಗಿ ಸಿಡುಬು ತಗುಲಿದವರಲ್ಲಿ ಏಳಕ್ಕೆ ಒಬ್ಬರು ಸತ್ತರು. ಊರವರು ಮೇದರ್ ಮನೆಗೆ ಬಾಂಬ್ ಎಸೆದರು ಎಂಬುದೂ ಅದೇ ಕಥೆಯ ಭಾಗ. ಲಸಿಕೆಯ ವಿರೋಧ ವಾಟ್ಸ್ಆ್ಯಪ್ ಜೊತೆ ಹುಟ್ಟಿದ್ದಲ್ಲ.

ಹಾಗೆಂದು ಆಫ್ರಿಕದ ಯಾವ ಗಿಡವೂ ಇತ್ತ ಬರಲೇ ಇಲ್ಲವೆಂದರೆ ತಪ್ಪಾದೀತು. ಗೋಲ್ಕೊಂಡದ ನಯಾ ಕಿಲಾದಲ್ಲಿ ‘ಹಾಥಿಯಾನ್ ಕಾ ಝಾಡ್’ ನೋಡದ ಹೈದರಾಬಾದಿಗರು ಬಹಳ. ಅದು ಬಾವೊಬಾಬ್. ಅದರ ಬಂಧುಗಳು ವಿಜಯಪುರದಲ್ಲಿವೆ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿವೆ. ಸವಣೂರಿನವರು ಅದನ್ನು ದೊಡ್ಡ ಹುಣಸೆ ಎನ್ನುತ್ತಾರೆ. ಅಲ್ಲಿದ್ದ ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತು. ಭಾರತದ ಬಾವೊಬಾಬ್‌ಗಳ ವಂಶವಾಹಿ ಪರೀಕ್ಷೆ ನಡೆಸಿ 2015ರಲ್ಲಿ ಪ್ರಕಟವಾದ ಅಧ್ಯಯನ, ಇವು ಪೂರ್ವ ಆಫ್ರಿಕದ ಕರಾವಳಿಯ ಮರಗಳಿಗೆ ಹತ್ತಿರದವು, ಒಂದಲ್ಲ ಹಲವು ಸಲ ಬಂದವು ಎಂದಿತು. ಆಫ್ರಿಕದಲ್ಲಿ ಇದರ ತೊಗಟೆ ಜ್ವರಕ್ಕೆ, ಹಣ್ಣಿನ ಹಿಟ್ಟು ಭೇದಿಗೆ, ಎಲೆ ಸಾರಿಗೆ. ಮರ ಬಂತು, ಬಳಕೆ ಬರಲಿಲ್ಲ. ನಮಗದು ಫೋಟೊ ತೆಗೆಸಿಕೊಳ್ಳುವ ಮರ. ನಮ್ಮ ಸ್ವಂತದ್ದೆಂದೇ ತಿಳಿದಿರುವ ಹುಣಸೆಯ ಮೂಲವೂ ಆಫ್ರಿಕವೇ. ಅದೆಷ್ಟು ಹಿಂದೆ ಬಂತೆಂದರೆ ಅರಬ್ಬರು ಅದಕ್ಕೆ ಹಿಂದೂಸ್ಥಾನದ ಖರ್ಜೂರ ಎಂದು ಹೆಸರಿಟ್ಟರು. 1908ರ ಮೂಸಿ ಪ್ರವಾಹದಲ್ಲಿ ಅಫ್ಜಲ್‌ಗಂಜ್‌ನ ಒಂದು ಹುಣಸೆ ಮರ ಹತ್ತಿ ಬದುಕಿಕೊಂಡವರು ಸುಮಾರು 150 ಜನ. ಉಸ್ಮಾನಿಯಾ ಆಸ್ಪತ್ರೆಯ ಆವರಣದ ಆ ಮರದ ಮುಂದೆ ಇಂದಿಗೂ ಸೆಪ್ಟೆಂಬರ್ 28ಕ್ಕೆ ಕೆಲವರು ಸೇರುತ್ತಾರೆ.

ಮಡಗಾಸ್ಕರ್‌ನಿಂದ ಬಂದದ್ದು ಕಾಶಿಕಣಗಿಲೆ, ಅಂದರೆ ನಿತ್ಯಪುಷ್ಪ. ಇಲ್ಲಿಯ ತೆಲುಗರ ಬಿಳ್ಳ ಗನ್ನೇರು. ಹಿಮಾಯತ್‌ನಗರದ ಬಾಲ್ಕನಿಗಳಲ್ಲಿ ಯಾರೂ ನೀರು ಹಾಕದಿದ್ದರೂ ಹೂ ಬಿಡುವ ಗಿಡ. ಇದರ ಎಲೆಯ ಕಷಾಯ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಜಮೈಕಾದ ಕಪ್ಪುಜನರ ಮನೆಮದ್ದು ಹೇಳುತ್ತಿತ್ತು. ಅಲ್ಲಿಂದ ಬಂದ ಎಲೆಗಳನ್ನು ಕೆನಡಾದ ರಾಬರ್ಟ್ ನೋಬಲ್ ಪರೀಕ್ಷಿಸಿದರು. ಇಲಿಗಳ ರಕ್ತದ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಅಲ್ಲಿಂದ 1958ರಲ್ಲಿ ವಿನ್‌ಬ್ಲಾಸ್ಟಿನ್, ಬೆನ್ನಿಗೇ ವಿನ್‌ಕ್ರಿಸ್ಟಿನ್. ರಕ್ತದ ಕ್ಯಾನ್ಸರ್ ಬಂದ ಮಕ್ಕಳಿಗೆ ಇಂದಿಗೂ ಜಗತ್ತಿನೆಲ್ಲೆಡೆ ಕೊಡುವ ಮದ್ದು ಅದು. ಎ.ಸಿ. ಗಾರ್ಡ್ಸ್‌ನ ಪಕ್ಕದಲ್ಲೇ, ರೆಡ್ ಹಿಲ್ಸ್‌ನಲ್ಲಿ, ಅಂಥ ಮಕ್ಕಳು ಬರುವ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆ ಇದೆ. ನಾಟಿ ಮದ್ದಿನ ಭಕ್ತರು ಈ ಕಥೆಯನ್ನು ತಮ್ಮ ಗೆಲುವೆಂದು ಹೇಳುತ್ತಾರೆ. ಮನೆಮದ್ದು ಹೇಳಿದ್ದು ಸಕ್ಕರೆ ಕಾಯಿಲೆಗೆ, ಕೆಲಸಕ್ಕೆ ಬಂದದ್ದು ಕ್ಯಾನ್ಸರಿಗೆ ಎಂಬುದನ್ನು ಮರೆಯುತ್ತಾರೆ. ಈ ಗಿಡದಲ್ಲಿ ಕಸುವಿದೆ ಎಂದು ಬೆರಳು ತೋರಿಸಿದ್ದು ಆ ಜನ. ಯಾವ ಕಸುವು, ಎಷ್ಟು, ಯಾರಿಗೆ ಎಂದು ತಿಳಿದದ್ದು ಪ್ರಯೋಗಾಲಯದಲ್ಲಿ. ಬಾಲ್ಕನಿಯ ಎಲೆ ಕಿತ್ತು ಕಷಾಯ ಮಾಡಬೇಡಿ, ಅದು ವಿಷ.

ಎರಡು ಖಂಡಗಳೂ ಒಂದೇ ಉತ್ತರಕ್ಕೆ ಬಂದದ್ದೂ ಇದೆ. ನಮ್ಮ ಸರ್ಪಗಂಧದ ಬೇರನ್ನು ಹುಚ್ಚಿಗೆ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅದರ ಬಗ್ಗೆ ಬರೆದರು, 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಟ್ಟಿತು. ಅದೇ ಕುಲದ ಇನ್ನೊಂದು ಗಿಡವನ್ನು ನೈಜೀರಿಯಾದ ಯೊರುಬಾ ವೈದ್ಯರು ಅದೇ ಕಾಯಿಲೆಗೆ ಬಳಸುತ್ತ ಬಂದಿದ್ದರು. ಒಬ್ಬರನ್ನೊಬ್ಬರು ಕೇಳಿ ಕಲಿತದ್ದಲ್ಲ.

ಹೈದರಾಬಾದಿನಲ್ಲಿ ಮಾತ್ರ ವೈದ್ಯ ಕಾಣೆ. ಇಥಿಯೋಪಿಯಾದ ಅಬಾಬು ಮಿಂಡಾ ಯಿಮೆನೆ ಇಲ್ಲಿಯ ಸಿದ್ದಿಗಳ ಮೇಲೆ 2004ರಲ್ಲಿ ಬರೆದ ಪುಸ್ತಕದ ಗಮನ ಹೆಚ್ಚಾಗಿ ಅವರ ಗುರುತಿನ ಪ್ರಶ್ನೆಯ ಮೇಲಿದೆ. ವೈದ್ಯ ಯಾಕೆ ಉಳಿಯಲಿಲ್ಲ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಇವರು ಕಾಡಿಗೆ ಓಡಿದವರಲ್ಲ, ಸಂಬಳದ ಸಿಪಾಯಿಗಳು. ಬ್ಯಾರಕಿನಲ್ಲಿ ಹಕೀಮನಿದ್ದ, ನಿಜಾಮರ ಸರ್ಕಾರಿ ದವಾಖಾನೆಯಿತ್ತು, ಹರಕೆಗೆ ಹೆಜ್ಜೆಗೊಂದು ದರ್ಗಾ. ಅರೆಯಲು ಬೇರಿಲ್ಲ, ಕೇಳಲು ಕಾಡಿಲ್ಲ. ವೈದ್ಯನ ಕೈಯಿಂದ ಡೋಲು ಜಾರಿ ಬರಾತಿನವರ ಕೈಗೆ ಬಂತು.

ಇದನ್ನು ಓದಿ ಮರುಗುವವರಿಗೆ ಇನ್ನೊಂದು ಮುಖವನ್ನೂ ತೋರಿಸಬೇಕು. ತಾಂಜಾನಿಯಾದಲ್ಲಿ ಹುಟ್ಟಿನಿಂದಲೇ ಬಣ್ಣವಿಲ್ಲದ ಆಲ್ಬಿನೋ ಜನರನ್ನು ಕೊಂದು ಅಂಗಾಂಗ ಮಾರುವ ದಂಧೆಯ ಹಿಂದೆ ಮಂತ್ರವಾದಿ ವೈದ್ಯರಿದ್ದರು. 2015ರಲ್ಲಿ ಸರ್ಕಾರ ಪರವಾನಗಿ ಇಲ್ಲದವರನ್ನು ನಿಷೇಧಿಸಬೇಕಾಯಿತು. ಯಾರೋ ಮಾಟ ಮಾಡಿದ್ದಾರೆ ಎಂಬ ಉತ್ತರ ಒಂದು ಮುದುಕಿಯ ಮೇಲೆ ಬಂದು ನಿಲ್ಲುವುದನ್ನು ನಾವು ಇಲ್ಲೇ ಕಂಡಿದ್ದೇವೆ. ಮೇದಕ್, ಬೀದರ್, ಕಲಬುರಗಿಯವರಿಗೆ ಬಾಣಾಮತಿ ಎಂಬ ಮಾಟದ ಹೆಸರು ಹೇಳಿದರೆ ಸಾಕು. ದಕ್ಷಿಣ ಆಫ್ರಿಕದಲ್ಲಿ ಏಡ್ಸ್‌ಗೆ ಬೆಳ್ಳುಳ್ಳಿ, ಬೀಟ್‌ರೂಟ್ ಒಳ್ಳೆಯದೆಂದು ಆರೋಗ್ಯ ಮಂತ್ರಿಯೇ ಸಾರಿದರು. ಆ ಸರ್ಕಾರ ಔಷಧಿ ಕೊಡಲು ತಡಮಾಡಿದ್ದರಿಂದ 2000ದಿಂದ 2005ರೊಳಗೆ 3.3 ಲಕ್ಷಕ್ಕೂ ಹೆಚ್ಚು ಜೀವ ಹೋಯಿತೆಂದು ಹಾರ್ವರ್ಡ್‌ನ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು. ತಪ್ಪು ಹಳ್ಳಿಯ ಸಂಗೋಮಾರದ್ದಲ್ಲ, ಅವರ ಹೆಸರು ಹೇಳಿಕೊಂಡ ರಾಜಕಾರಣದ್ದು. ನಾಂಪಲ್ಲಿಯ ಎಕ್ಸಿಬಿಷನ್ ಮೈದಾನದಲ್ಲಿ ಮೃಗಶಿರಾ ಕಾರ್ತೆಗೆ ಆಸ್ತಮಾಕ್ಕೆಂದು ಜೀವಂತ ಮೀನು ನುಂಗಿಸುವುದನ್ನು ಹಿಮಾಯತ್‌ನಗರದವರು ವರ್ಷವೂ ನೋಡುತ್ತೇವೆ. ಈಗ ಅದನ್ನು ಮದ್ದು ಎನ್ನದೆ ಪ್ರಸಾದ ಎನ್ನುತ್ತಾರೆ. ಪ್ರಸಾದ ತಿನ್ನುವವರು ಇನ್ಹೇಲರ್ ಬಿಡದಿದ್ದರೆ ನನಗೇನೂ ತಕರಾರಿಲ್ಲ.

ಹಾಗಾದರೆ ಈ ನಾಟಿ ವೈದ್ಯರನ್ನು ಏನು ಮಾಡಬೇಕು? ಒಳ್ಳೆಯ ಉತ್ತರ ಕೊಟ್ಟವರಲ್ಲಿ ಮೊದಲಿಗರು ನೈಜೀರಿಯಾದ ಮನೋವೈದ್ಯ ಥಾಮಸ್ ಅಡೆಯೊಯೆ ಲ್ಯಾಂಬೊ. 1954ರಲ್ಲಿ ಅಬೆಯೊಕುಟಾದ ಆರೋ ಆಸ್ಪತ್ರೆಯಲ್ಲಿ ರೋಗಿಗಳನ್ನು ಕೋಣೆಯಲ್ಲಿ ಕೂಡಿಹಾಕದೆ ಸುತ್ತಲಿನ ಹಳ್ಳಿಯ ಮನೆಗಳಲ್ಲಿ, ಒಬ್ಬ ಬಂಧುವಿನ ಜೊತೆಗೆ ಇರಿಸಿದರು. ಹಗಲು ಆಸ್ಪತ್ರೆಯ ಚಿಕಿತ್ಸೆ, ಸಂಜೆ ಹಳ್ಳಿಯ ಬದುಕು. ಊರಿನ ನಾಟಿ ವೈದ್ಯರನ್ನು ಓಡಿಸದೆ ಜೊತೆಗಿಟ್ಟುಕೊಂಡರು. ಮುಂದೆ ಅವರು ವಿಶ್ವ ಆರೋಗ್ಯ ಸಂಸ್ಥೆಯ ಉಪ ಮಹಾನಿರ್ದೇಶಕರಾದರು. ನಮ್ಮ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಮುತ್ತುಸ್ವಾಮಿ ಗುಡಿಯಲ್ಲಿ ಉಳಿದ 31 ಮನೋರೋಗಿಗಳನ್ನು ಗಮನಿಸಿ 2002ರಲ್ಲಿ ವರದಿ ಮಾಡಿದರು: ಗುಡಿಯಲ್ಲಿ ಯಾವ ವಿಶೇಷ ಮಂತ್ರವೂ ಇರಲಿಲ್ಲ, ಆಸರೆಯಿತ್ತು, ಗುಡಿಸುವ, ನೀರು ಹಾಕುವ ಕೆಲಸವಿತ್ತು, ರೋಗಲಕ್ಷಣದ ಅಂಕ ಸರಾಸರಿ ಐದನೆಯ ಒಂದು ಪಾಲಿನಷ್ಟು ಇಳಿದಿತ್ತು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ ಮುಜಾವರರೇ ರೋಗಿಗಳನ್ನು ಮನೋವೈದ್ಯರ ಬಳಿಗೆ ಕಳಿಸುವ ‘ದವಾ ಔರ್ ದುವಾ’ ಯೋಜನೆ ನಡೆಯಿತು. ಸರಪಳಿ ಬೇಡ, ಮಾತ್ರೆ ಬಿಡಬೇಡ, ದುವಾ ಬೇಕಿದ್ದರೆ ಇರಲಿ. ಇಷ್ಟು ನಿಯಮ ಸಾಕು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನು ಅಪರಾಧವೆಂದೇ ನೋಡುತ್ತದೆ.

ಗಿಡದ ವಿದ್ಯೆಗೆ ಬೇಕಾದದ್ದು ಬೇರೆ ಬಗೆಯ ಕಾವಲು. ಕಲಹರಿಯ ಸಾನ್ ಜನ ಬೇಟೆಯಲ್ಲಿ ಹಸಿವು ತಡೆಯಲು ಅಗಿಯುತ್ತಿದ್ದ ಹೂಡಿಯಾ ಗಿಡದ ಮೇಲೆ ದಕ್ಷಿಣ ಆಫ್ರಿಕದ ಸರ್ಕಾರಿ ಸಂಶೋಧನಾ ಮಂಡಳಿ ಅವರನ್ನು ಕೇಳದೆ ಪೇಟೆಂಟ್ ಪಡೆಯಿತು. ಲಾಭದಲ್ಲಿ ಪಾಲು ಕೊಡುವ ಒಪ್ಪಂದ ಆದದ್ದು 2003ರಲ್ಲಿ, ಗಲಾಟೆಯ ನಂತರ. ನಮ್ಮಲ್ಲಿ ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳ ವಿದ್ಯೆಗೆ ಸರ್ಕಾರದ ಡಿಜಿಟಲ್ ಗ್ರಂಥಾಲಯದ ರಕ್ಷಣೆಯಿದೆ. ಸಿದ್ದಿ ಅಜ್ಜಿಯ ಬಾಯಲ್ಲಿರುವುದು ಯಾವ ಗ್ರಂಥದಲ್ಲೂ ಇಲ್ಲ. ಅದಕ್ಕಿರುವ ಒಂದೇ ಜಾಗ, 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿ ಬರೆಯಬೇಕಾದ ಜನತಾ ಜೀವವೈವಿಧ್ಯ ದಾಖಲೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಪಂಚಾಯಿತಿಗಳಲ್ಲಿ ಸದಸ್ಯರಾಗಿರುವ ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೇಳಿಕೆ: ನಿಮ್ಮ ಊರಿನ ದಾಖಲೆ ತೆರೆದು ನೋಡಿ. ಅದರಲ್ಲಿ ಸಿದ್ದಿಗಳ ಮದ್ದು ಇಲ್ಲದಿದ್ದರೆ ಹಿರಿಯರ ಮನೆಗೆ ಹೋಗಿ, ಒಪ್ಪಿಗೆ ಕೇಳಿ, ಅವರ ಸಮುದಾಯದ ಹೆಸರಿನಲ್ಲೇ ಬರೆಸಿ.